ಎತ್ತರದ ಪಿಕಪ್ಪು, ಏರದ ಎಮ್ಮೆ

ಗಾಡಿಗಳ ಬಗ್ಗೆ ನನಗೆ ಎಲ್ಲವೂ ಗೊತ್ತಿದೆ ಎಂಬ ನಂಬಿಕೆ ನನಗೆ ಗಾಡಿ ಕೊಳ್ಳುವ ಮೊದಲೇ ಇತ್ತು. ಕೊಂಡ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು.

ತೊಂಬತ್ತರ ದಶಕದ ಕೊನೆಯ ಮಾತಿದು. ದೊಡವಾಡದ ನಮ್ಮ ಹೊಲದ ಹತ್ತಿ, ಉಳ್ಳಾಗಡ್ಡಿಗಳನ್ನು ಬೈಲಹೊಂಗಲದ ಪೇಟೆಗೆ ಸಾಗಿಸಲೆಂದು ಒಂದು ಹಳೆಯ ಪಿಕಪ್ ತಂದಿದ್ದೆ. ನನಗಿಂತ ಮೊದಲು ಅದಕ್ಕೆ ಎಷ್ಟು ಮಂದಿ ಮಾಲೀಕರಿದ್ದರೋ, ಅಷ್ಟೂ ಮಂದಿ ಅದರ ಬೆನ್ನ ಮೇಲೆ ತಮ್ಮ ತಮ್ಮ ಸಂಸಾರದ ಭಾರವನ್ನು ಹೇರಿ ಹೋಗಿದ್ದರು. ಹೀಗಾಗಿ ಹಿಂದಿನ ಪಾಟಾಗಳು, ಅಂದರೆ ಗಾಲಿಯ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿ ಕುಳಿತು ಭಾರ ಹೊರುವ ಉಕ್ಕಿನ ಪಟ್ಟಿಗಳು, ಬಾಗುವುದನ್ನೇ ಮರೆತು ಹಲಗೆಯಂತೆ ಚಪ್ಪಟೆಯಾಗಿದ್ದವು. ಗಾಡಿಯ ಮುಂಭಾಗ ನಿಂತಿತ್ತು. ಹಿಂಭಾಗ ಕುಳಿತಿತ್ತು.

ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಮುರಗೋಡದಲ್ಲಿ.

ಮುರಗೋಡ ನನ್ನ ಹೆಂಡತಿ ಮಹಾದೇವಿಯ ತವರು. ಅವಳ ಅಣ್ಣನ ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆಂದು ನಾವಿಬ್ಬರೂ ಪಿಕಪ್ಪಿನಲ್ಲೇ ಹೋಗಿದ್ದೆವು. ನನ್ನ ಷಡ್ಡಕ, ಅಂದರೆ ಮಹಾದೇವಿಯ ಅಕ್ಕನ ಗಂಡ ಚನ್ನಬಸಪ್ಪನವರು, ರಾಮದುರ್ಗದಿಂದ ತಮ್ಮ ಹೊಸ ಜೀಪಿನಲ್ಲಿ ಬಂದಿದ್ದರು. ಊಟ ಮುಗಿದು ಎಲ್ಲರೂ ಅಂಗಳದಲ್ಲಿ ಎಲೆ ಅಡಿಕೆ ಹಾಕುತ್ತಿದ್ದಾಗ ನಾನು ಹೊರಡಲೆಂದು ಗಾಡಿಯ ಕೀಲಿಕೈ ತೆಗೆದೆ. ಚನ್ನಬಸಪ್ಪನವರು ಕೈ ಅಡ್ಡ ಹಿಡಿದು ಗಂಭೀರವಾಗಿ ಹೇಳಿದರು:

"ಈರಣ್ಣಾರ, ಸ್ವಲ್ಪ ತಡೀರಿ. ಗಾಡಿ ಎಬ್ಬಿಸಬ್ಯಾಡ್ರಿ. ಪಾಪ, ತತ್ತಿ ಇಡಾಕ ಕುಂತೈತಿ!"

ಅಂಗಳ ನಕ್ಕಿತು. ಭಾವಂದಿರು ನಕ್ಕರು, ನೆಂಟರು ನಕ್ಕರು. ಯಾವಾಗಲೂ ಒಂದು ಮೂಲೆಯಲ್ಲಿ ಸುಮ್ಮನೆ ಕೂಡುವ ನನ್ನ ಮಾವ ಕೂಡ ಬಾಯಿಗೆ ಟಾವೆಲ್ ಅಡ್ಡ ಹಿಡಿದು ಭುಜ ಕುಣಿಸಿದರು. ತಾನು ನಗಲಿಲ್ಲವೆಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಆದರೆ ಸೆರಗು ಬಾಯಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದಾರಿಯಲ್ಲಿ ನಾನು ಪ್ರತಿ ಗೇರನ್ನೂ ಸಿಟ್ಟಿನಿಂದಲೇ ಬದಲಿಸಿದೆ.

"ಚಾಷ್ಟಿ ಮಾಡ್ಯಾರ ಬಿಡ್ರಿ," ಎಂದಳು ಮಹಾದೇವಿ.

"ಚಾಷ್ಟಿ ಅಲ್ಲದು. ಗಾಡಿಗೆ ಅಂದಿದ್ದಲ್ಲ, ನನಗ ಅಂದಿದ್ದು."

"ನೀವೇನ ತತ್ತಿ ಇಡತೀರೇನು?"

ಇಂಥ ಪ್ರಶ್ನೆಗೆ ಮರ್ಯಾದಸ್ಥನಾದ ಗಂಡಸು ಉತ್ತರ ಕೊಡಬಾರದು. ಬದಲಿಗೆ ಮನಸ್ಸಿನಲ್ಲೇ ಒಂದು ನಿರ್ಧಾರ ಮಾಡಿದೆ.

ಬೈಲಹೊಂಗಲದಲ್ಲಿ ಪಾಟಾ ಕೆಲಸಕ್ಕೆ ಮೌಲಾಸಾಬ ಎಂಬವನಿದ್ದ. ಅವನು ಗಾಡಿಯ ಕೆಳಗೆ ನುಸುಳಿ, ಹೊರಗೆ ಬಂದು, ಕೈ ಒರೆಸಿಕೊಂಡ. "ಪಾಟಾ ಇಳಿಸಿ, ಕಾಸಿ, ಬಡದು ಕಮಾನು ಕೊಡೂಣ್ರಿ. ಹೊಸಾದಿದ್ದಾಗ ಎಷ್ಟ ಎತ್ತರ ಇತ್ತೋ ಅಷ್ಟಕ್ಕ ಬರತೈತಿ."

ಅಲ್ಲಿಗೇ ನಾನು "ಆಗಲಿ" ಎಂದಿದ್ದರೆ ಈ ಬರಹ ಇರುತ್ತಿರಲಿಲ್ಲ.

"ಹೊಸಾದಿದ್ದಾಗಿನಷ್ಟು ಸಾಲೂದಿಲ್ಲ ಮೌಲಾಸಾಬ. ನೋಡಿದವರು ತಲಿ ಎತ್ತಿ ನೋಡಬೇಕು."

ಅವನ ಕಣ್ಣು ಹೊಳೆದವು. ನನ್ನನ್ನು ತಡೆಯಬೇಕಾದ ಮನುಷ್ಯ ನನಗಿಂತ ಹೆಚ್ಚು ಹುರುಪಿನವನಾಗಿದ್ದ!

"ಹಂಗಾದ್ರ ನನ್ನ ಕಡೆ ಲಾರಿ ಪಾಟಾ ಅದಾವ್ರಿ. ಎರಡೂ ಬಾಜೂಕ ಒಂದೊಂದ ಜಾಸ್ತಿ ಹಾಕೂಣು."

"ಹಾಕು."

"ಅಚ್ಚಿಗೂ ಪಾಟಾಕ್ಕೂ ನಡುವ ಕಬ್ಬಿಣದ ಗಟ್ಟಿ ಕೂಡಿಸಿದ್ರ ಇನ್ನೂ ಏರತೈತಿ."

"ಕೂಡಸು!"

ಒಂದೇ ಜ್ವರಕ್ಕೆ ಮೂವರು ಡಾಕ್ಟರ ಗುಳಿಗೆಗಳನ್ನು ಒಟ್ಟಿಗೆ ನುಂಗಿದ ಹಾಗಾಯಿತು. ಕೆಲಸ ಮುಗಿದ ಮೇಲೆ ನಾವಿಬ್ಬರೂ ಭಕ್ತಿಯಿಂದ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದೆವು. "ಏನ ನಿಂತೈತ್ರಿ!" ಎಂದ ಮೌಲಾಸಾಬ. ನಿಜ, ನಿಂತಿತ್ತು. ಹಿಂಭಾಗ ಮಾತ್ರ. ಇಷ್ಟು ದಿನ ಸರಿಯಾಗಿದ್ದ ಮುಂಭಾಗ ಈಗ ನೆಲದಲ್ಲಿ ಏನೋ ಕಳೆದುಕೊಂಡವರಂತೆ ಮೂಗು ಬಗ್ಗಿಸಿತ್ತು.

ಮನೆಯ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದೆ. ಮಹಾದೇವಿ ಜೋಳ ಹಸನು ಮಾಡುತ್ತಿದ್ದ ಮೊರ ಹಿಡಿದುಕೊಂಡೇ ಹೊರಗೆ ಬಂದಳು. ಮುಂದಿನಿಂದ ನೋಡಿದಳು. ಹಿಂದಿನಿಂದ ನೋಡಿದಳು.

"ಏಳಾಕ ಹತ್ತಿದ ಎಮ್ಮಿ ನಡುವ ವಿಚಾರ ಬದಲ ಮಾಡಿದಂಗ ಕಾಣತೈತಲ್ರಿ!"

ಹೆಂಗಸರಿಗೆ ಯಂತ್ರದ ಸೌಂದರ್ಯ ತಿಳಿಯುವುದಿಲ್ಲವೆಂದು ನಾನು ಆಗ ತೀರ್ಮಾನಿಸಿದೆ. ಕೆಲವು ಸಣ್ಣಪುಟ್ಟ ಅನಾನುಕೂಲಗಳಿದ್ದವು, ಒಪ್ಪುತ್ತೇನೆ. ದೀಪದ ಬೆಳಕು ದಾರಿಗೆ ಬೀಳದೆ ಗಾಲಿಯ ಮುಂದಿನ ಇರುವೆಗಳಿಗೆ ಬೀಳುತ್ತಿತ್ತು. ಖಾಲಿ ಗಾಡಿಗೆ ಪಾಟಾಗಳು ಬಗ್ಗುತ್ತಲೇ ಇರಲಿಲ್ಲ; ದಾರಿಯ ಮೇಲೆ ಒಂದು ಕಡಲೆಕಾಳು ಬಿದ್ದಿದ್ದರೂ ಅದರ ಸುದ್ದಿ ನನ್ನ ಬೆನ್ನುಹುರಿಗೆ ಮುಟ್ಟುತ್ತಿತ್ತು. ಹಿಂಭಾಗ ಏರಿದ್ದರಿಂದ ಹ್ಯಾಂಡ್‌ಬ್ರೇಕಿನ ತಂತಿ ಎಳೆದು ಬಿಗಿಯಾಗಿತ್ತು. ಬ್ರೇಕು ಬಿಗಿಯಾದರೆ ಒಳ್ಳೆಯದೇ ಅಲ್ಲವೆ ಎಂದು ಅದನ್ನು ಲಾಭದ ಲೆಕ್ಕಕ್ಕೆ ಹಾಕಿಕೊಂಡೆ.

ಈ ಎತ್ತರವನ್ನು ಮುರಗೋಡದವರಿಗೆ ತೋರಿಸುವ ಅವಕಾಶ ಬೇಗನೆ ಬಂತು.

ನನ್ನ ಅತ್ತೆ ತೀರಿಕೊಂಡು ಆಗಲೇ ವರ್ಷ ಕಳೆದಿತ್ತು. ಅವರು ಸಾಕಿದ ಎಮ್ಮೆ ಗಂಗಿ ಮಾತ್ರ ಆ ಮನೆಯಲ್ಲಿತ್ತು. ಅದು ಜಗತ್ತಿನಲ್ಲಿ ಇಬ್ಬರಿಗಷ್ಟೇ ಹಿಂಡಲು ಬಿಡುತ್ತಿತ್ತು: ಒಬ್ಬರು ಅತ್ತೆ, ಇನ್ನೊಬ್ಬಳು ತವರಿಗೆ ಹೋದಾಗಿನ ಮಹಾದೇವಿ. ಮನೆಯ ಸೊಸೆಯಂದಿರು ಕೆಚ್ಚಲಿಗೆ ಕೈ ಹಾಕಿದರೆ ತಂಬಿಗೆ ಒಂದು ದಿಕ್ಕಿಗೆ, ಅವರು ಇನ್ನೊಂದು ದಿಕ್ಕಿಗೆ. ಈಗ ಅದು ಮತ್ತೆ ಗಬ್ಬವಾಗಿತ್ತು. ಈಯುವ ಮೊದಲೇ ಅದನ್ನು ದೊಡವಾಡಕ್ಕೆ, ಮಹಾದೇವಿಯ ಕೈಗೆ ಒಪ್ಪಿಸುವುದೆಂದು ಮನೆಯವರೆಲ್ಲ ಮಾತಾಡಿಕೊಂಡರು. ನಿಧಾನವಾಗಿ ನಡೆಸಿಕೊಂಡು ಹೋದರಾಯಿತು ಎಂದರು ಭಾವಂದಿರು.

"ನನ್ನ ಗಾಡಿ ಇರೂವಾಗ ಅತ್ತಿಯವರ ಎಮ್ಮಿ ನಡಕೋಂತ ಬರಬೇಕೇನ್ರಿ?" ಎಂದೆ ನಾನು.

ಮಾವ ನನ್ನ ಮುಖವನ್ನೊಮ್ಮೆ, ದನದ ಮನೆಯ ಕಡೆಗೊಮ್ಮೆ ನೋಡಿದರು. ಆಮೇಲೆ, "ನಾನೂ ಅದರ ಜೋಡಿ ಬರತೇನಿ," ಎಂದರು. ಸಂಜೆ ಅವರನ್ನು ವಾಪಸ್ ಕರೆದೊಯ್ಯಲು ಚನ್ನಬಸಪ್ಪನವರು ಜೀಪು ತೆಗೆದುಕೊಂಡು ಹಿಂದಿನಿಂದ ಬರುವುದೆಂದಾಯಿತು. ನನಗೆ ಬೇಕಾದದ್ದೂ ಅದೇ. ಎತ್ತರ ನೋಡಲು ಅವರೂ ಇರಲಿ!

ಎಮ್ಮೆ ಏರಿಸಲು ಮಾವನ ಹಿತ್ತಲಲ್ಲಿ ಒಂದು ಕಲ್ಲಿನ ಕಟ್ಟೆ ಇತ್ತು. ಅದಕ್ಕೆ ಹಿಮ್ಮುಖವಾಗಿ ಬಂಡಿ ನಿಲ್ಲಿಸಿದರೂ ಸರಿ, ಗಾಡಿ ನಿಲ್ಲಿಸಿದರೂ ಸರಿ, ದನ ಸೀದಾ ಒಳಗೆ ಕಾಲಿಡುತ್ತಿತ್ತು. ನನ್ನ ಹಳೆಯ ಪಿಕಪ್ ಆ ಕಟ್ಟೆಗೆ ಹೇಳಿ ಮಾಡಿಸಿದಂತಿತ್ತು. ಎತ್ತರ ಮಾಡಿಸಿದ ಮೇಲೆ ಅದರ ಹಲಗೆ ಕಟ್ಟೆಯಿಂದ ಎಮ್ಮೆಯ ಎದೆಯ ಮಟ್ಟಕ್ಕೆ ಬಂತು.

ಗಂಗಿ ಹಲಗೆ ನೋಡಿತು. ನನ್ನನ್ನು ನೋಡಿತು. ನಂತರ ಕಟ್ಟೆಯ ಮೇಲೆಯೇ ಮಲಗಿಬಿಟ್ಟಿತು.

ಹಿರಿಯ ಭಾವ ತಲೆ ಕೆರೆದುಕೊಂಡರು. "ಅಳಿಯಂದ್ರ, ಕಟ್ಟಿ ಎತ್ತರ ಮಾಡಾಕ ಬರೂದಿಲ್ಲ. ಗಾಡೀನ ಇಳಿಸಬೇಕು."

"ಗಾಡಿ ಹ್ಯಾಂಗ ಇಳಿಸೂದ್ರಿ?"

"ಹಿಂದಿನ ಗಾಲಿಗೆ ತಗ್ಗ ತೋಡೂಣು."

ಹೀಗೆ, ಗಾಡಿಯನ್ನು ಏರಿಸಲು ಬೈಲಹೊಂಗಲದವರೆಗೂ ಹೋದ ನಾನು, ಅದನ್ನು ಇಳಿಸಲು ಮಾವನ ಹಿತ್ತಲಲ್ಲಿ ಗುದ್ದಲಿ ಹಿಡಿದೆ! ಅಕ್ಕಪಕ್ಕದ ಮನೆಯವರು ಬಂದು ನಿಂತರು. ಕಾಳು ತುಂಬಿಡುವ ಹಗೇವು ತೋಡುತ್ತಿದ್ದಾರೆಂದು ಒಬ್ಬ ಹೇಳಿದ. ಗೋಬರ್ ಗ್ಯಾಸಿಗೆಂದು ಇನ್ನೊಬ್ಬ ತಿದ್ದಿದ. ನಿಜ ಹೇಳುವ ಧೈರ್ಯ ನನಗಾಗಲಿಲ್ಲ.

ಗಾಲಿಗಳು ತಗ್ಗಿಗೆ ಇಳಿದವು. ಗಾಡಿ ಅಲುಗಾಡಿ ಗಬ್ಬದ ಎಮ್ಮೆ ಹೆದರಬಾರದೆಂದು ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಮಹಾದೇವಿ ಮೊದಲು ತಾನು ಹತ್ತಿ, ಅಂಗೈಯಲ್ಲಿ ಶೇಂಗಾ ಹಿಂಡಿ ಹಿಡಿದು, "ಬಾ ನಮ್ಮವ್ವ, ಬಾ" ಎಂದು ಕರೆದಳು. ಗಂಗಿ ಎದ್ದು ಸಲೀಸಾಗಿ ಒಳಗೆ ಹೋಯಿತು. ನಾನು ಹ್ಯಾಂಡ್‌ಬ್ರೇಕ್ ಇಳಿಸಿ ಗಾಡಿ ಶುರು ಮಾಡಿದೆ. ಎಮ್ಮೆ ಏರಿತ್ತು, ಗಾಡಿ ಏರಲಿಲ್ಲ. ತಗ್ಗಿನೊಳಗೆ ಗಾಲಿ ತಿರುಗಿ ತಿರುಗಿ ಹಗೇವು ಎಂದವನ ಮಾತನ್ನೇ ನಿಜ ಮಾಡುತ್ತಿತ್ತು. ಕೊನೆಗೆ ಓಣಿಯ ಗಂಡಸರೆಲ್ಲ ಸೇರಿ ನೂಕಿ, "ಇನ್ನ ಬರಬ್ಯಾಡ್ರೀಪಾ!" ಎಂದು ಪ್ರೀತಿಯಿಂದ ಬೀಳ್ಕೊಟ್ಟರು.

ಮುಂದೆ ನಾವು ಮೂವರು: ನಾನು, ನಡುವೆ ಮಹಾದೇವಿ, ಆ ಕಡೆ ಮಾವ. ನಮ್ಮ ಬೆನ್ನ ಹಿಂದೆ ಒಂದು ಕಿಟಕಿ. ಅದರ ಗಾಜು ಯಾವುದೋ ಹಳೆಯ ಮಾಲೀಕನ ಕಾಲಕ್ಕೇ ಒಡೆದಿತ್ತು. ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆವು. ಗಾಡಿಯ ಹಿಂಭಾಗ ಎತ್ತರ, ಮುಂಭಾಗ ಇಳಿಜಾರು. ಪ್ರತಿ ತಗ್ಗಿಗೂ ಗಂಗಿ ಒಂದು ಹೆಜ್ಜೆ ಮುಂದೆ ಜಾರುತ್ತಿತ್ತು. ಇದನ್ನು ನಾನು ಲೆಕ್ಕ ಹಾಕಿರಲಿಲ್ಲ.

"ಅಯ್ಯ, ಯಾರೋ ನನ್ನ ಹೆರಳ ಜಗ್ಗಾಕ ಹತ್ತ್ಯಾರ್ರೀ!" ಎಂದು ಮಹಾದೇವಿ ಚೀರಿದಳು.

ತಿರುಗಿ ನೋಡಿದರೆ ಪ್ಲಾಸ್ಟಿಕ್ ಹಾಳೆ ಹರಿದು ಗಂಗಿಯ ಇಡೀ ಮುಖ ನಮ್ಮ ನಡುವೆ ಬಂದಿತ್ತು. ಮಹಾದೇವಿಯ ಸೇವಂತಿಗೆ ಮಾಲೆ ಅದರ ಬಾಯಲ್ಲಿತ್ತು. ಕೋಡುಗಳು ಕಿಟಕಿಯ ಆಚೆಯೇ ಉಳಿದದ್ದು ನಮ್ಮ ಪುಣ್ಯ. ಮಾವ ಬೆಚ್ಚಲಿಲ್ಲ. ಅದರ ಹಣೆಯ ಮೇಲೆ ಕೈ ಇಟ್ಟು, "ಏನಾಗೂದಿಲ್ಲ, ಏನಾಗೂದಿಲ್ಲ" ಎನ್ನುತ್ತ ಕುಳಿತರು. ಆದರೆ ಗಾಡಿ ಕುಕ್ಕಿದಾಗೊಮ್ಮೆ ಗಂಗಿ ನರಳುತ್ತಿತ್ತು. ಆ ಧ್ವನಿಗೆ ಮಹಾದೇವಿಯ ಮುಖ ಬಿಳಿಚಿತು. ಹೆರಳು ಹಾಳಾದದ್ದನ್ನೂ ಮರೆತು ಅವಳು ನನ್ನ ತೋಳು ಹಿಡಿದಳು.

"ರೀ, ಹೊಟ್ಟ್ಯಾಗಿನ ಕರಕ್ಕ ಏನರ ಆದ್ರ? ಅವ್ವನ ಎಮ್ಮಿ ಅದು."

ಅಲ್ಲಿಯವರೆಗೆ ನನಗಿದ್ದದ್ದು ನಾಚಿಕೆ ಮಾತ್ರ. ಆ ಮಾತಿಗೆ ಹೆದರಿಕೆ ಶುರುವಾಯಿತು. ಆಮೆಯ ನಡಿಗೆಯಲ್ಲಿ ಗಾಡಿ ಬಿಟ್ಟೆ. ಆಗ ಸುಟ್ಟ ವಾಸನೆ ಬಂತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಗಾಲಿಯಿಂದ ಹೊಗೆ! ನಾನು ಬಲ ಹಾಕಿ ಎಳೆದ ಹ್ಯಾಂಡ್‌ಬ್ರೇಕು ಹಿಡಿಕೆಯಲ್ಲಷ್ಟೇ ಬಿಟ್ಟಿತ್ತು. ಬಿಗಿದ ತಂತಿ ಗಾಲಿಯನ್ನು ಬಿಟ್ಟಿರಲಿಲ್ಲ. ಮುರಗೋಡದಿಂದ ಇಲ್ಲಿಯವರೆಗೆ ನಾನು ಬ್ರೇಕ್ ಹಾಕಿಕೊಂಡೇ ಬಂದಿದ್ದೆ.

ಗಾಡಿ ನಿಲ್ಲಿಸಿದೆ. ಇಳಿದೆ. ಈ ಹಂತದಲ್ಲಾದರೂ ನಾನು ಸುಮ್ಮನಿರಬಹುದಿತ್ತು. ಆದರೆ ಎಮ್ಮೆಗೆಂದು ತಂದಿದ್ದ ಬಕೆಟ್ ನೀರು ಕಣ್ಣಿಗೆ ಬಿತ್ತು. ಕಾದ ಗಾಲಿಗೆ ತಣ್ಣೀರು ಹೊಯ್ಯುವುದು ತಿಳಿವಳಿಕೆಯ ಕೆಲಸವೆನಿಸಿತು. ಹೊಯ್ದೆ.

"ಟಣ್!"

ಗಾಲಿಯೊಳಗಿನ ಬ್ರೇಕಿನ ಡ್ರಮ್ಮು ಸೀಳಿಹೋಯಿತು. ಎಮ್ಮೆಗೆ ಕುಡಿಯುವ ನೀರೂ ಉಳಿಯಲಿಲ್ಲ.

ಊರು ಇನ್ನೂ ಒಂದು ಹರದಾರಿ, ಅಂದರೆ ಮೂರು ಮೈಲಿ ದೂರ. ಹಿಂದಿನಿಂದ ಜೀಪಿನ ಸಪ್ಪಳ ಕೇಳಿಸಿದಾಗ ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಚನ್ನಬಸಪ್ಪನವರು ಇಳಿದರು. ಆಕಾಶಕ್ಕೆ ಎದ್ದ ಹಿಂಭಾಗ ನೋಡಿದರು. ಹೊಗೆ ನೋಡಿದರು. ಕಿಟಕಿಯೊಳಗಿನ ಎಮ್ಮೆಯ ಮುಖ ನೋಡಿದರು. ಅವರ ತುಟಿ ಅಲುಗಿತು. ನಾನು ಕಣ್ಣು ಮುಚ್ಚಿಕೊಂಡು ಕಾದೆ. ಅಷ್ಟರಲ್ಲಿ ಅವರಿಗೆ ಮಾವ ಕಂಡರು. ಮಾವ ತಮ್ಮ ಟಾವೆಲ್ಲಿನಿಂದ ಗಂಗಿಯ ಬಾಯಿಯ ನೊರೆ ಒರೆಸುತ್ತಿದ್ದರು.

"ಹಗ್ಗ ಐತೇನ್ರಿ?" ಎಂದರು ಚನ್ನಬಸಪ್ಪನವರು. ಅಷ್ಟೇ.

ಅವರು ನಕ್ಕಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಕನಿಕರಪಟ್ಟರು!

ರಸ್ತೆ ದುರಸ್ತಿಗೆಂದು ಯಾರೋ ಸುರಿದ ಮುರುಮಿನ ಗುಡ್ಡೆಯೊಂದು ಪಕ್ಕದಲ್ಲಿತ್ತು. ಜೀಪಿಗೆ ಹಗ್ಗ ಕಟ್ಟಿ, ಕಿರುಗುಟ್ಟುವ ಪಿಕಪ್ಪನ್ನು ಹಿಮ್ಮುಖವಾಗಿ ಆ ಗುಡ್ಡೆಗೆ ತಂದು ಹಚ್ಚಿದರು. ಬಿಳಿ ಅಂಗಿಯ ತೋಳು ಮಡಚಿ, ಗುಡ್ಡೆಯ ನೆತ್ತಿಯನ್ನು ಕಾಲಿನಿಂದ ತುಳಿದು ಮಟ್ಟಸ ಮಾಡಿದರು. ಗಂಗಿ ಒಂದೊಂದೇ ಹೆಜ್ಜೆಯಿಟ್ಟು ಇಳಿಯಿತು. ನೆಲ ಸಿಕ್ಕಿದ ಕೂಡಲೇ ಮೈ ಕೊಡವಿ, ಬದುವಿನ ಹುಲ್ಲಿಗೆ ಬಾಯಿ ಹಾಕಿತು. ಮಹಾದೇವಿ ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಾದಳು. ಒಳಗೆ ಕರು ಮಿಸುಕಿತೆಂದು ಅವಳ ಮುಖದಲ್ಲೇ ಗೊತ್ತಾಯಿತು.

ದನದ ಮನೆ ಸಜ್ಜು ಮಾಡಲೆಂದು ಮಹಾದೇವಿ ಜೀಪಿನಲ್ಲಿ ಮುಂದೆ ಹೋದಳು. ಮಾವನನ್ನೂ ಕರೆದರು. "ನೀವ ಹೋಗ್ರಿ. ನಾ ಇದರ ಜೋಡಿ ನಡಕೋಂತ ಬರತೇನಿ," ಎಂದರು. ಹೀಗಾಗಿ ಹಗ್ಗ ಹಿಡಿದು ಮಾವ, ಪಕ್ಕದಲ್ಲಿ ಗಂಗಿ, ಖಾಲಿ ಬಕೆಟ್ ಹಿಡಿದು ನಾನು, ಜೋಳದ ಹೊಲಗಳ ನಡುವೆ ನಡೆದೆವು.

ಸ್ವಲ್ಪ ದೂರ ಹೋದ ಮೇಲೆ ಮಾವ ಕೇಳಿದರು. "ಅಳಿಯಂದ್ರ, ಗಾಡಿ ಯಾಕ ಅಷ್ಟ ಎತ್ತರ ಮಾಡಿಸಿದ್ರಿ?"

ನಾನು ರಸ್ತೆಯ ಸ್ಥಿತಿ, ಹೇರಿನ ಭಾರ, ಮಳೆಗಾಲದ ಕೆಸರು ಮುಂತಾದವುಗಳ ಮೇಲೆ ಒಂದು ಸಣ್ಣ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿದರು. ಗಂಗಿ ಹುಲ್ಲು ಕೀಳಲು ನಿಂತಿತು; ನಾವೂ ನಿಂತೆವು. ನಿಂತಾಗ ಸುಳ್ಳು ಹೇಳುವುದು ಕಷ್ಟ.

"ಅವತ್ತ ಎಲ್ಲಾರೂ ನಕ್ರಲ್ರಿ ಮಾವಾರ. ಅದಕ್ಕ."

"ನಾನೂ ನಕ್ಕಿದ್ನಿ."

"ಹೌದ್ರಿ. ನೋಡಿದ್ನಿ."

ಅವರು ಹಗ್ಗವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ನಿಮ್ಮ ಅತ್ತಿ ಹ್ವಾದ ಮ್ಯಾಲ ನಾ ನಕ್ಕಿದ್ದ ಅವತ್ತ ಮೊದಲ. ಟಾವೆಲ್ ಅಡ್ಡ ಹಿಡದಿದ್ದು ನಿಮ್ಮನ್ನ ನೋಡಿ ಅಲ್ಲ. ನನಗ ನಾಚಿಕಿ ಬಂದಿತ್ತು. ಆಕಿ ಇಲ್ಲದ ಮನ್ಯಾಗ ಹಿಂಗ ನಗಬಾರದಿತ್ತೇನೋ ಅನ್ನಿಸ್ತು. ಆಮ್ಯಾಲ ಎದಿ ಹಗುರಾತು. ಅವತ್ತ ರಾತ್ರಿ ಎರಡ ತುತ್ತ ಹೆಚ್ಚಿಗಿ ಉಂಡ್ನಿ."

ಬಕೆಟ್ಟನ್ನು ನಾನೂ ಈ ಕೈಯಿಂದ ಆ ಕೈಗೆ ಬದಲಿಸಿದೆ.

"ಇದು ಕರಾ ಇದ್ದಾಗ ಆಕಿ ತನ್ನ ತವರಮನಿಯಿಂದ ಹಿಂಗ ನಡಿಸ್ಕೊಂಡ ಬಂದಿದ್ಲು," ಎಂದರು ಮಾವ ಮತ್ತೆ ಹೆಜ್ಜೆ ಹಾಕುತ್ತ. "ನೀವು ಗಾಡಿ ಅಂದ್ರಿ. ಅಷ್ಟ ಹುರುಪಿನಿಂದ ಅಂದವರಿಗೆ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಗಾಡ್ಯಾಗ ಜಲ್ದಿ ಮುಟ್ಟತಿತ್ತು, ಖರೆ. ಅಷ್ಟ ಜಲ್ದಿ ಕೊಟ್ಟ ಬರೂದು ನನಗ ಬ್ಯಾಡಾಗಿತ್ತು."

ಗಾಡಿಯನ್ನು ಎಷ್ಟು ಏರಿಸಬೇಕೆಂದು ನಾನು ಎಲ್ಲ ಕಡೆಯಿಂದ ಅಳೆದಿದ್ದೆ. ಅಂಗಳದ ಮೂಲೆಯಲ್ಲಿ ಕುಳಿತಿದ್ದ ಈ ಮನುಷ್ಯ ಒಂದು ವರ್ಷದಲ್ಲಿ ಎಷ್ಟು ಇಳಿದುಹೋಗಿದ್ದರೆಂದು ಒಮ್ಮೆಯೂ ನೋಡಿರಲಿಲ್ಲ. ಅವರ ನಗು ಕಂಡಾಗಲೂ ನನಗೆ ಕಂಡದ್ದು ನನ್ನ ಗಾಡಿಯೇ.

ಹೊತ್ತು ಮುಳುಗುವ ಮುಂಚೆ ಊರು ಮುಟ್ಟಿದೆವು. ಮಹಾದೇವಿ ಬಾಗಿಲಲ್ಲಿ ಕುಂಕುಮ, ಬೆಲ್ಲ ಹಿಡಿದು ನಿಂತಿದ್ದಳು. ಮಾವ ತಾವೇ ಹಗ್ಗವನ್ನು ಗೂಟಕ್ಕೆ ಕಟ್ಟಿ, ಗಂಟು ಬಿಗಿದು, ಮತ್ತೊಮ್ಮೆ ಬಿಚ್ಚಿ ಕಟ್ಟಿದರು. ಮುಂದೆ ಗಂಗಿ ಸುಖವಾಗಿ ಈಯಿತು. ಗಿಣ್ಣದ ಹಾಲು ಹಿಡಿದುಕೊಂಡು ನಾನು ಮುರಗೋಡಕ್ಕೆ ಹೋದೆ. ಬಸ್ಸಿನಲ್ಲಿ!

ಗಂಗಿ ನಮ್ಮ ಮನೆಗೆ ಬಂದ ಮರುದಿನದ ಒಂದು ಮಾತು ಉಳಿದಿದೆ. ಡ್ರಮ್ಮು ತರಲು ಮೌಲಾಸಾಬನಿಗೆ ಹೇಳಿ ಕಳಿಸಿ, ಅವನು ಬರುವ ಮೊದಲೇ ನಾನು ದಾರಿಯಲ್ಲೇ ಬಿಟ್ಟು ಬಂದಿದ್ದ ಗಾಡಿಯ ಹತ್ತಿರ ಹೋದೆ. ಬಿಸಿಲು ಸುಡುತ್ತಿತ್ತು. ದೂರದಿಂದ ನೋಡಿದರೆ ಗಾಡಿಯ ಕೆಳಗೆ ಏನೋ ಬೆಳ್ಳಗೆ, ಕರ್ರಗೆ ಅಲುಗುತ್ತಿತ್ತು. ಹತ್ತಿರ ಹೋದಾಗ ತಿಳಿಯಿತು: ಕುರಿಗಳು! ಹಿಂಭಾಗದ ಅಡಿಯಲ್ಲಿ ಒತ್ತೊತ್ತಾಗಿ ಮಲಗಿ ಮೆಲುಕು ಹಾಕುತ್ತಿದ್ದವು. ಗಾಲಿಗೆ ಒರಗಿ ಕುರುಬ ಮುದುಕನೊಬ್ಬ ರೊಟ್ಟಿ ತಿನ್ನುತ್ತಿದ್ದ. ಕಂಬಳಿ ಸರಿಸಿ ನನಗೂ ಜಾಗ ಮಾಡಿಕೊಟ್ಟ.

"ಬರ್ರಿ, ನೆರಳಿಗೆ ಕುಂದರ್ರಿ. ಯಾರೋ ಪುಣ್ಯವಂತರು ಕುರಿಗೊಳಿಗಂತ ಬಿಟ್ಟ ಹೋಗ್ಯಾರು. ಬ್ಯಾರೆ ಗಾಡಿ ಕೆಳಗ ಹಿಂಗ ಹಿಡಿಸೂದಿಲ್ಲ ನೋಡ್ರಿ."

ಎತ್ತರಕ್ಕೆ ಸಿಕ್ಕ ಮೊದಲ ಮೆಚ್ಚುಗೆ! ನನ್ನ ಎದೆ ಉಬ್ಬಿತು.

"ಇದರ ಮಾಲಕರು ಬಂದ್ರ ಏನ ಮಾಡ್ತಿ, ಅಜ್ಜಾ?" ಎಂದು ಕೇಳಿದೆ.

ಅವನು ತಲೆ ಎತ್ತಿ ಗಾಡಿಯನ್ನು ಹಿಂದಿನಿಂದ ಮುಂದಿನವರೆಗೆ ನೋಡಿದ. ರೊಟ್ಟಿ ಮುರಿದ.

"ಇಂಥಾದಕ್ಕ ಯಾರ ವಾಪಸ್ ಬರತಾರ್ರಿ, ಯಪ್ಪಾ!"

"ಅದೂ ಖರೆ," ಎಂದು ಅವನ ಪಕ್ಕ ಕುಳಿತು, ಕುರಿಗಳು ಏಳುವ ಹಾದಿ ಕಾಯತೊಡಗಿದೆ.